ಸ್ಪಾಗೆಟ್ಟಿ ಬಸಿದ ಭಾನುವಾರ

ಕೋಲಾರದಲ್ಲಿ ಟೊಮೆಟೊ ಬೆಲೆ ಬಿದ್ದರೆ ಬೆಳೆದವನಿಗೆ ಮಾತ್ರವಲ್ಲ, ಬೆಳೆದವನ ಸ್ನೇಹಿತನಿಗೂ ಕಷ್ಟ. 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿದ್ದಾಗ ವೇಮಗಲ್ ಕಡೆಯ ನನ್ನ ಸ್ನೇಹಿತ ನನ್ನ ಫೋನನ್ನೂ ಎತ್ತುತ್ತಿರಲಿಲ್ಲ. ರಾತ್ರಿಯೆಲ್ಲ ತೋಟದಲ್ಲಿ ಕಾವಲು ಕಾದು ಹಗಲು ನಿದ್ದೆ ಮಾಡುತ್ತಿದ್ದ. ಈ ಸಲ ಬಿಡಿಸಿದ ಕೂಲಿಯೂ ಹುಟ್ಟದಷ್ಟು ಬೆಲೆ ಇಳಿಯಿತು ನೋಡಿ, ಎಪಿಎಂಸಿಗೆ ಹೊರಟಿದ್ದ ಗಾಡಿಯನ್ನು ನೆಟ್ಟಗೆ ನಮ್ಮ ಬೀದಿಗೆ ತಿರುಗಿಸಿದ. "ರಸ್ತೆಗೆ ಸುರಿಯುವ ಬದಲು ನಿಮ್ಮ ಮನೆಗೆ ಸುರಿಯುತ್ತೇನೆ" ಎಂದು ವರಾಂಡದಲ್ಲಿ ಎರಡು ಬಾಕ್ಸ್ ಇಳಿಸಿ ಹೋದ.

ಒಟ್ಟು 30 ಕೆ.ಜಿ. ಸೋಮವಾರ ಗೊಜ್ಜು, ಮಂಗಳವಾರ ತಿಳಿಸಾರು, ಬುಧವಾರ ಟೊಮೆಟೊ ಬಾತ್, ಗುರುವಾರ ಚಟ್ನಿ. ಶುಕ್ರವಾರ ಮೊಸರನ್ನದ ಪಕ್ಕದಲ್ಲೂ ಕೆಂಪು ಕಂಡಾಗ ನಾನು ಸ್ವಲ್ಪ ಜೋರಾಗಿಯೇ ನಿಟ್ಟುಸಿರು ಬಿಟ್ಟಿರಬೇಕು. "ಅಷ್ಟು ಬೇಸರವಾದರೆ ನೀವೇ ಏನಾದರೂ ಮಾಡಿ ಬಡಿಸಿ" ಎಂದಳು ನನ್ನ ಹೆಂಡತಿ. ಇಂಥ ಮಾತುಗಳು ಗಂಡಸರ ಕಿವಿಗೆ ಬೀಳಬಾರದು. ನನ್ನ ಕಿವಿಗೆ ಬಿತ್ತು. ಭಾನುವಾರ ಸಂಜೆ ಅಕ್ಕ, ಭಾವ ಮಗನ ಜೊತೆ ಊಟಕ್ಕೆ ಬರುವುದಿತ್ತು. ಬೆಂಗಳೂರಿನಲ್ಲಿ ಓದುವ ಮಗಳೂ ಬರುವವಳಿದ್ದಳು. ಅವಳಿಗೆ ಫೋನ್ ಮಾಡಿ, ಟೊಮೆಟೊ ಹೆಚ್ಚು ಹಿಡಿಸುವ, ಅಮ್ಮನಿಗೂ ಹೆಂಡತಿಗೂ ಗೊತ್ತಿಲ್ಲದ ಅಡುಗೆ ಯಾವುದಿದೆ ಎಂದು ಕೇಳಿದೆ. ಗೊತ್ತಿಲ್ಲದಿದ್ದರೆ ತಪ್ಪು ಹಿಡಿಯಲಾರರು ಎಂಬುದು ನನ್ನ ಲೆಕ್ಕಾಚಾರ. "ಸ್ಪಾಗೆಟ್ಟಿ ಮೀಟ್‌ಬಾಲ್ಸ್ ಮಾಡಿ ಅಪ್ಪ" ಎಂದಳು.

ಅಮ್ಮನಿಗೆ ವಿವರಿಸಿದೆ: ಇಟಲಿಯವರ ಉದ್ದ ಶಾವಿಗೆ, ಅದರ ಮೇಲೆ ಟೊಮೆಟೊ ಗೊಜ್ಜಿನಂಥದ್ದು, ಅದರ ಮೇಲೆ ಕೈಮಾ ಉಂಡೆ.

ಅಮ್ಮ ಸ್ವಲ್ಪ ಹೊತ್ತು ಯೋಚಿಸಿದರು. "ಕೈಮಾ ಉಂಡೆ ಸಾರು ಮಾಡಿಕೊಂಡು ಮುದ್ದೆ ಬಿಟ್ಟು ಶಾವಿಗೆಗೆ ಹಾಕಿಕೊಳ್ಳುತ್ತಾರೆಯೇ? ಪಾಪ, ಅಲ್ಲಿ ರಾಗಿ ಬೆಳೆಯುವುದಿಲ್ಲವೇನೋ."

ಭಾನುವಾರ ಬೆಳಿಗ್ಗೆ ಮಟನ್ ಅಂಗಡಿಯ ಸಾಲಿನಲ್ಲಿ ನಿಂತು ಒಂದು ಕೆ.ಜಿ. ಕೈಮಾ ಹೇಳಿದೆ. ಭಾಯ್ ಕತ್ತಿ ಎತ್ತಿದವರು ಹಾಗೆಯೇ ತಡೆದು, "ಉಂಡೆಗೋ, ಪಲ್ಯಕ್ಕೋ?" ಎಂದು ಕೇಳಿದರು. ಉಂಡೆಗಾದರೆ ಸಣ್ಣಗೆ ಕೊಚ್ಚಬೇಕು, ನೀರು ತಾಕಿಸಬಾರದು. ಪಲ್ಯಕ್ಕಾದರೆ ಇಷ್ಟು ಒರಟಾಗಿದ್ದರೂ ನಡೆಯುತ್ತದೆ. ಉಂಡೆಗೆ ಎಂದು ಹೇಳಿ ಸುಮ್ಮನಾಗಬಹುದಿತ್ತು. ಹಿಂದೆ ಹತ್ತು ಜನ ನಿಂತಿದ್ದರಲ್ಲ, "ಇಟಲಿ ಉಂಡೆಗೆ" ಎಂದೆ. ಭಾಯ್ ಮರದ ದಿಮ್ಮಿಯ ಮೇಲೆ ಟಕಟಕನೆ ಕೊಚ್ಚುತ್ತಲೇ, "ಕುರಿ ನಮ್ಮದೇ ತಾನೇ ಸಾರ್?" ಎಂದರು. ಸಾಲಿನವರೆಲ್ಲ ನಕ್ಕರು. ನಾನು ಚೀಲ ಹಿಡಿದು ಬೇಗ ಬಂದೆ.

ಮುಂದಿನ ತೊಡಕು ಬೇಸಿಲ್ ಎಂಬ ಎಲೆಯದು. ಅದು ತುಳಸಿಯ ಬಳಗದ್ದು ಎಂದು ಓದಿ ಹಿತ್ತಿಲ ತುಳಸಿಕಟ್ಟೆಯ ಕಡೆ ಎರಡು ಹೆಜ್ಜೆ ಇಟ್ಟಿದ್ದೆ. ಅಮ್ಮ ಕೂತಲ್ಲಿಂದಲೇ ನೋಡಿದ ನೋಟಕ್ಕೆ ಹೆಜ್ಜೆ ಹಿಂದಕ್ಕೆ ಬಂತು. ಇನ್ನಷ್ಟು ಹುಡುಕಿದ ಮೇಲೆ ತಿಳಿಯಿತು, ಇಟಲಿಯವರು ಗೊಜ್ಜಿಗೆ ಹಾಕುವ ಆ ಎಲೆ ನಮ್ಮ ಹೂವಾಡಗಿತ್ತಿಯರು ಹಾರದ ನಡುವೆ ಕಟ್ಟುವ ಕಾಮಕಸ್ತೂರಿಯೇ. ಕೋಲಾರಮ್ಮನ ಗುಡಿಯ ಕಡೆಗೆ ಹೋದೆ. ಹೂವಿನಾಕೆ, "ಬಿಡಿಯಾಗಿ ಇಲ್ಲಣ್ಣ, ಕಟ್ಟಿಬಿಟ್ಟಿದ್ದೇನೆ" ಎಂದಳು. ಎರಡು ಮಾರು ಹಾರ ಕೊಂಡೆ. ಮನೆಗೆ ಬಂದು ಬಾಳೆನಾರು ಬಿಚ್ಚಿ ಎಲೆ ಆರಿಸಲು ಕೂತರೆ ಹಾರದಲ್ಲಿ ಮೂರು ಬಗೆಯ ಹಸಿರು: ಕಾಮಕಸ್ತೂರಿ, ಮರುಗ, ದವನ. ಮೂರೂ ಘಮಘಮ. ಮರುಗವನ್ನೂ ಆ ದೇಶದಲ್ಲಿ ಅಡುಗೆಗೆ ಹಾಕುತ್ತಾರಂತೆ, ಹಾಗಾಗಿ ಅದು ಬಿದ್ದರೂ ಚಿಂತೆಯಿರಲಿಲ್ಲ. ದವನವನ್ನು ಯಾವ ದೇಶದಲ್ಲೂ ಟೊಮೆಟೊಗೆ ಹಾಕುವುದನ್ನು ನಾನು ಕೇಳಿಲ್ಲ. ನಾನು ಹಾಕಿದೆ. ಕಡಿಮೆಯೇನಲ್ಲ, ಒಂದು ಹಿಡಿ.

ಆದರೆ ಅದಕ್ಕಿಂತ ಮೊದಲು ಟೊಮೆಟೊ ಕುದಿಯಬೇಕಿತ್ತು. ದೂರದ ಮಾರುಕಟ್ಟೆಗೆ ಲಾರಿಯಲ್ಲಿ ಹೋಗಲೆಂದೇ ಬೆಳೆಸುವ ನಮ್ಮ ಹೈಬ್ರಿಡ್ ಹಣ್ಣಿನ ಸಿಪ್ಪೆ ದಪ್ಪ, ರಸ ಕಡಿಮೆ. ತಳದಲ್ಲಿ ಕೂಡುವ ಗುರುತಿನಂತೆ ಗೀರಿ ಬಿಸಿನೀರಿಗೆ ಹಾಕಿ ಸಿಪ್ಪೆ ಸುಲಿದೆ. ನಾಲ್ಕು ಕೆ.ಜಿ. ಹಣ್ಣು, ಒಂದು ಗಂಟೆಯ ಕುದಿತ. ಗಟ್ಟಿಯಾದಂತೆಲ್ಲ ಪಾತ್ರೆ ಮುದ್ದೆಯ ಎಸರಿನ ಹಾಗೆ ಗುಳುಗುಳು ಎಂದು ಸಿಡಿಯತೊಡಗಿತು. ಒಲೆಯ ಪಕ್ಕದ ಗೋಡೆಯಲ್ಲಿ ನನ್ನ ಹೆಂಡತಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇದೆ. ಹಾಲು ಬಾರದ ದಿನಕ್ಕೆ ಅವಳು ಒಂದು ಓರೆ ಗೆರೆ ಎಳೆಯುತ್ತಾಳೆ. ಐದು ನಿಮಿಷದಲ್ಲಿ ಆ ತಿಂಗಳ ನಾಲ್ಕು ಕೆಲಸದ ದಿನಗಳು ಸರ್ಕಾರಿ ರಜೆಯಂತೆ ಕೆಂಪಾದವು.

ಇನ್ನು ಉಂಡೆ. ಹಾಲಿನಲ್ಲಿ ನೆನೆಸಿದ ಬ್ರೆಡ್ಡನ್ನು ಕೈಮಾಕ್ಕೆ ಬೆರೆಸಬೇಕೆಂದು ಮಗಳು ಕಳಿಸಿದ ವಿಡಿಯೋದಲ್ಲಿತ್ತು. ಅಮ್ಮ ಬಾಗಿಲಲ್ಲಿ ನಿಂತು, "ಎರಡು ಹಿಡಿ ಹುರಿಗಡಲೆ ಪುಡಿ ಮಾಡಿ ಹಾಕು, ಕಲ್ಲಿನ ಹಾಗೆ ನಿಲ್ಲುತ್ತದೆ" ಎಂದರು. ಇಟಲಿಯಲ್ಲಿ ಹುರಿಗಡಲೆ ಹಾಕುವುದಿಲ್ಲಮ್ಮ ಎಂದೆ. ಬ್ರೆಡ್ಡಿಗೆ ಎಷ್ಟು ಹಾಲು ಎಂದು ವಿಡಿಯೋದವನು ಹೇಳಿದ್ದನೋ ಏನೋ, ನಾನು ಆಗ ಈರುಳ್ಳಿ ಹೆಚ್ಚಿ ಕಣ್ಣೊರೆಸಿಕೊಳ್ಳುತ್ತಿದ್ದೆ. ಅರ್ಧ ಲೀಟರ್ ಸುರಿದೆ. ಕೈಮಾ ಪಾಯಸದ ಹದಕ್ಕೆ ಬಂತು. ಅಂಗೈಗೆ ಎಣ್ಣೆ ಸವರಿಕೊಂಡು ಹೇಗೋ ಮೂವತ್ತೆರಡು ಉಂಡೆ ಕಟ್ಟಿದೆ. ತಟ್ಟೆಯಲ್ಲಿಟ್ಟ ಕೂಡಲೇ ಅವು ಒಂದಕ್ಕೊಂದು ಒರಗಿಕೊಂಡು ವಡೆಗಳಾದವು. ಕುದಿಯುವ ಗೊಜ್ಜಿಗೆ ಬಿಟ್ಟೆ.

"ಸೌಟು ಹಾಕಬೇಡ ಕಣೋ! ಉಂಡೆ ಗಟ್ಟಿಯಾಗುವವರೆಗೆ ಪಾತ್ರೆಯ ಕಿವಿ ಹಿಡಿದು ಅಲ್ಲಾಡಿಸು, ಅಷ್ಟೇ" ಎಂದರು ಅಮ್ಮ.

ಅವರು ಹೇಳುವ ಹೊತ್ತಿಗೆ ಸೌಟು ಎರಡು ಸುತ್ತು ಸುತ್ತಿಯಾಗಿತ್ತು. ಮೂವತ್ತೆರಡರಲ್ಲಿ ಹನ್ನೊಂದು ಉಂಡೆಗಳು ಬದುಕಿ ಉಳಿದವು. ಉಳಿದವು ಗೊಜ್ಜಿನಲ್ಲಿ ಲೀನವಾದವು. ಗಾಬರಿಯಿಂದ ಮಗಳಿಗೆ ಫೋಟೊ ಕಳಿಸಿದೆ. ಅವಳು ಆಗ ಬಸ್ಸಿನಲ್ಲಿ ಹೊಸಕೋಟೆ ದಾಟುತ್ತಿದ್ದಳು. "ಪರವಾಗಿಲ್ಲ ಅಪ್ಪ, ಕೈಮಾ ಬೆರೆತ ಸಾಸಿಗೂ ಒಂದು ಹೆಸರಿದೆ, ಬೊಲೊನೀಸ್" ಎಂದು ಉತ್ತರ ಬಂತು. ಒಳ್ಳೆಯ ದೇಶ. ಕೆಟ್ಟುಹೋದದ್ದಕ್ಕೂ ಹೆಸರಿಟ್ಟಿದ್ದಾರೆ. ಆ ಧೈರ್ಯದಲ್ಲೇ ನಾನು ಎಲೆಗಳನ್ನು ಹಾಕಿದ್ದು. ಎರಡು ನಿಮಿಷ ಕಳೆದಿರಲಿಲ್ಲ, ಹಾಲ್‌ನಲ್ಲಿ ಕೂತಿದ್ದ ಹೆಂಡತಿ, "ಏನ್ರೀ, ಅಡುಗೆಮನೆಯಲ್ಲಿ ಮಂಗಳಾರತಿ ಆಗುತ್ತಿದೆಯೇ?" ಎಂದು ಕೇಳಿದಳು.

ಸ್ಪಾಗೆಟ್ಟಿಯ ವಿಷಯದಲ್ಲಿ ನಾನು ಶಾಸ್ತ್ರೋಕ್ತವಾಗಿಯೇ ನಡೆಯಬೇಕೆಂದಿದ್ದೆ. ತಲೆಗೆ 100 ಗ್ರಾಂ, 100 ಗ್ರಾಮಿಗೆ ಒಂದು ಲೀಟರ್ ನೀರು, ಲೀಟರಿಗೆ 10 ಗ್ರಾಂ ಉಪ್ಪು. ಏಳು ಜನಕ್ಕೆ 700 ಗ್ರಾಂ ಸಾಕು. ಆದರೆ ಒಣ ಸ್ಪಾಗೆಟ್ಟಿಯನ್ನು ಹಿಡಿಯಲ್ಲಿ ಹಿಡಿದರೆ ಊದುಬತ್ತಿಯ ಕಟ್ಟಿನಷ್ಟೇ ಕಾಣುತ್ತದೆ. ಭಾವ ಒಂದು ಹೊತ್ತಿಗೆ ಎರಡು ಮುದ್ದೆ ಉಣ್ಣುವವರು. ಎರಡೂ ಪೊಟ್ಟಣ ಹಾಕಿದೆ, ಪೂರ್ತಿ ಒಂದು ಕೆ.ಜಿ. ಹತ್ತು ಲೀಟರ್ ಹಿಡಿಯುವ ಪಾತ್ರೆ ಅಟ್ಟದ ಮೇಲಿತ್ತು, ಏಣಿ ಪಕ್ಕದ ಮನೆಯಲ್ಲಿತ್ತು. ಐದು ಲೀಟರಿನ ದಬರಿಯಲ್ಲೇ ಇಟ್ಟೆ. ಕಡ್ಡಿಗಳು ಅರ್ಧ ಒಳಗೆ, ಅರ್ಧ ಹೊರಗೆ ನಿಂತವು. ಮುರಿದು ಹಾಕಬಾರದಂತೆ, ಮುರಿದರೆ ಇಟಲಿಯವರಿಗೆ ಸಂಕಟವಾಗುತ್ತದಂತೆ. ಅವರ ಮರ್ಯಾದೆ ಕಾಯಲು ನಾನು ಕಾದೆ. ಕೆಳಗಿನದು ಬೆಂದು ಬಾಗಿ ಮೇಲಿನದು ಮೆಲ್ಲಗೆ ಒಳಗಿಳಿಯಿತು. ನೀರು ಕಡಿಮೆ, ಹಿಟ್ಟಿನ ಅಂಟು ಹೆಚ್ಚು. ಸಾಲದ್ದಕ್ಕೆ ಆಡಿಸುವುದನ್ನೂ ಮರೆತೆ. ನೆನಪಾಗಿ ಸೌಟು ಹಾಕಿದರೆ ಅಲುಗಲಿಲ್ಲ. ಮೂಲೆಯಲ್ಲಿದ್ದ ಮುದ್ದೆ ಕೋಲನ್ನು ತೆಗೆದುಕೊಂಡು, ಬಲವಾಗಿ ತಿರುವಿ ಮೇಲೆತ್ತಿದೆ. ಇಡೀ ಕುಟುಂಬದ ಊಟ ಕೋಲಿಗೆ ಸುತ್ತಿಕೊಂಡು, ಎಣ್ಣೆ ಹಚ್ಚಿ ಹೆಣೆದ ದಪ್ಪ ಜಡೆಯ ಹಾಗೆ, ಹಬೆಯಾಡುತ್ತ ಮೇಲೆ ಬಂತು.

ಬೆಂದಿದೆಯೇ ಎಂದು ತಿಳಿಯಲು ಒಂದು ಎಳೆಯನ್ನು ಗೋಡೆಗೆ ಎಸೆಯಬೇಕು, ಅಂಟಿದರೆ ಬೆಂದಂತೆ ಎಂದು ಎಲ್ಲೋ ಕೇಳಿದ್ದೆ. ಅಂಟಿದರೆ ಅತಿಯಾಗಿ ಬೆಂದಂತೆ, ಹಲ್ಲಿಗೆ ಒಂದಿಷ್ಟು ಸಿಗುವಂತಿರುವಾಗಲೇ ಇಳಿಸಬೇಕು ಎಂದು ಮಗಳು ಆಮೇಲೆ ಹೇಳಿದಳು. ಮೊದಲನೆಯ ಎಳೆ ಸಿಲಿಂಡರಿನ ಹಿಂದೆ ಬಿತ್ತು. ಎರಡನೆಯದು ಕ್ಯಾಲೆಂಡರಿಗೆ ತಗುಲಿ ಅಲ್ಲೇ ನಿಂತಿತು. ಸಂತೋಷವಾಯಿತು.

ಬಸಿಯುವುದು ನನಗೆ ಹೊಸದಲ್ಲ ಎಂದುಕೊಂಡಿದ್ದೆ. ಅಮ್ಮ ಅನ್ನ ಬಸಿಯುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ತಟ್ಟೆ ಮುಚ್ಚಿ, ಬಟ್ಟೆಯಿಂದ ಎರಡೂ ಕಡೆ ಬಿಗಿಯಾಗಿ ಹಿಡಿದು ವಾಲಿಸುವುದು. ನೋಡುವುದಕ್ಕೂ ಮಾಡುವುದಕ್ಕೂ ನಡುವೆ ಹಬೆ ಇದೆ ಎಂಬುದು ತಿಳಿದಿರಲಿಲ್ಲ. ಹಬೆ ಹೆಬ್ಬೆರಳಿಗೆ ತಾಗಿತು, ಹೆಬ್ಬೆರಳು ತಟ್ಟೆಯನ್ನು ಬಿಟ್ಟಿತು, ತಟ್ಟೆ ಝಣ್ ಎಂದು ಸಿಂಕಿಗೆ ಬಿತ್ತು, ಅದರ ಹಿಂದೆಯೇ ಜಡೆ ಜಾರಿತು. ಒಂದೇ ಸಮಾಧಾನವೆಂದರೆ, ಅಂಟಿಕೊಂಡಿದ್ದರಿಂದ ಒಂದೆಳೆಯೂ ಮೋರಿಗೆ ಹೋಗಲಿಲ್ಲ. ಇಡಿಯಾಗಿ ಬಿದ್ದಿತ್ತು, ಇಡಿಯಾಗಿ ಎತ್ತಿ ದಬರಿಗೆ ಹಾಕಿದೆ. ಸಿಂಕನ್ನು ಆಗ ತಾನೇ ತೊಳೆದಿದ್ದೆ ಎಂದು ಇಲ್ಲಿ ಹೇಳುತ್ತಿದ್ದೇನೆ, ಮನೆಯಲ್ಲಿ ಹೇಳುವ ಸಂದರ್ಭ ಬರಲಿಲ್ಲ.

ತಟ್ಟೆಯ ಸದ್ದಿಗೆ ಓಡಿ ಬಂದ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಗಂಜಿ ಎಲ್ಲಿ? ಚೆಲ್ಲಿಬಿಟ್ಟೆಯಾ?" ಪಾಸ್ತಾ ಬೇಯಿಸಿದ ನೀರನ್ನು ಚೆಲ್ಲಬಾರದು, ಎರಡು ಸೌಟು ಸಾಸಿಗೆ ಸೇರಿಸಿದರೆ ಎಳೆಗೆ ಹಿಡಿದುಕೊಳ್ಳುತ್ತದೆ ಎಂದು ವಿಡಿಯೋದವನೂ ಹೇಳಿದ್ದ. ಇಬ್ಬರೂ ಸೇರಿ ನನ್ನನ್ನು ಬೈದಂತಾಯಿತು.

ಎಂಟು ಗಂಟೆಗೆ ಎಲ್ಲರೂ ಕೂತರು. ಮನೆಯಲ್ಲಿ ಫೋರ್ಕ್ ಇದ್ದದ್ದು ಎರಡು. ಒಂದನ್ನು ನಾನು, ಇನ್ನೊಂದನ್ನು ಅಕ್ಕನ ಮಗ ತೆಗೆದುಕೊಂಡೆವು. ಸ್ಪಾಗೆಟ್ಟಿಯನ್ನು ಚಾಕುವಿನಿಂದ ಕೇಕಿನ ಹಾಗೆ ಕೊಯ್ದು ಬಡಿಸಿದೆ. ಚೀಸನ್ನು ಸಣ್ಣಗೆ ತುರಿದು ಬಟ್ಟಲಲ್ಲಿ ಇಟ್ಟಿದ್ದೆ. ಭಾವ ಅದನ್ನು ಕಾಯಿತುರಿ ಎಂದುಕೊಂಡು ಮೂರು ಚಮಚ ಹಾಕಿಕೊಂಡರು. ಬಾಯಿಗಿಟ್ಟವರು ಅಗಿಯುವುದನ್ನು ನಿಲ್ಲಿಸಿ, ಅಳಿಯನಾದವನು ಮಾವನ ಮನೆಯಲ್ಲಿ ನಡೆದುಕೊಳ್ಳಬೇಕಾದ ರೀತಿಯಲ್ಲಿ ನುಂಗಿ, "ಕಾಯಿ ಸ್ವಲ್ಪ ಹಳೆಯದಿರಬೇಕು" ಎಂದಷ್ಟೇ ಅಂದರು. ಅಕ್ಕ ತಟ್ಟೆಯ ಹತ್ತಿರ ಮೂಗು ತಂದು, "ಇದರಲ್ಲಿ ದವನ ಇದೆ" ಎಂದಳು. ಪ್ರಶ್ನೆಯಲ್ಲ, ತೀರ್ಪು.

ಅಮ್ಮ ಫೋರ್ಕಿನ ಗೊಡವೆಗೇ ಹೋಗದೆ ಕೈಯಲ್ಲಿ ಕಲಸತೊಡಗಿದರು. ಅಕ್ಕನ ಮಗ ನಕ್ಕ. ಆಗ ನನ್ನ ಮಗಳು ಮೊಬೈಲಿನಲ್ಲಿ ಒಂದು ಹಳೆಯ ಚಿತ್ರ ತೋರಿಸಿದಳು: ನೇಪಲ್ಸ್ ನಗರದ ಬೀದಿಯಲ್ಲಿ ಜನ ನಿಂತುಕೊಂಡು, ತಲೆ ಹಿಂದಕ್ಕೆ ಬಾಗಿಸಿ, ಬರಿಗೈಯಲ್ಲಿ ಎಳೆಗಳನ್ನು ಮೇಲಕ್ಕೆತ್ತಿ ಬಾಯಿಗೆ ಇಳಿಬಿಡುತ್ತಿರುವುದು. ಹತ್ತೊಂಬತ್ತನೆಯ ಶತಮಾನದಲ್ಲೂ ಅಲ್ಲಿನ ಬಡವರು ಹಾಗೆಯೇ ತಿನ್ನುತ್ತಿದ್ದರಂತೆ. ಅಮ್ಮ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, "ಇವರು ಎಂಜಲು ಮಾಡದೆ ತಿನ್ನುತ್ತಾರೆ" ಎಂದು ಮೆಚ್ಚಿ ಮೊಬೈಲ್ ಹಿಂದಿರುಗಿಸಿದರು.

ಎಲ್ಲ ಮುಗಿದ ಮೇಲೆ ಮಗಳು ಹೇಳಿದಳು: ಇಟಲಿಯಲ್ಲಿ ಇದನ್ನು ಸಾಮಾನ್ಯವಾಗಿ ಹೀಗೆ ತಿನ್ನುವುದಿಲ್ಲ. ಅಲ್ಲಿ ಹೆಚ್ಚಿನ ಕಡೆ ಸ್ಪಾಗೆಟ್ಟಿ ಬೇರೆ, ಉಂಡೆ ಬೇರೆ. 1880ರಿಂದ ಆಚೆಗೆ ದಕ್ಷಿಣ ಇಟಲಿಯ ಬಡವರು ಲಕ್ಷಗಟ್ಟಲೆ ಅಮೆರಿಕಕ್ಕೆ ವಲಸೆ ಹೋದರು, ಊರಿನಲ್ಲಿ ಹಬ್ಬಕ್ಕೆ ಮಾತ್ರ ಕಾಣುತ್ತಿದ್ದ ಮಾಂಸ ಅಲ್ಲಿ ಅಗ್ಗಕ್ಕೆ ಸಿಕ್ಕಿತು, ಉಂಡೆ ದಪ್ಪವಾಗಿ ಶಾವಿಗೆಯ ಮೇಲೇರಿ ಕೂತಿತು.

"ಇದನ್ನು ಶುಕ್ರವಾರ ಹೇಳಬಾರದಿತ್ತೇ?" ಎಂದೆ.

"ನೀವು ಕೇಳಿದ್ದು ಟೊಮೆಟೊ ಹಿಡಿಸುವ ಅಡುಗೆ, ಇಟಲಿಯ ಅಡುಗೆ ಅಲ್ಲ" ಎಂದಳು. ಅವಳು ಓದುತ್ತಿರುವುದು ಕಾನೂನು.

ಉಳಿದ ಜಡೆಗೆ ಮಾರನೆಯ ಬೆಳಿಗ್ಗೆ ಅಮ್ಮ ಸಾಸಿವೆ, ಕಡಲೆಬೇಳೆ, ಹಸಿಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಕೊಟ್ಟು ನಿಂಬೆಹಣ್ಣು ಹಿಂಡಿದರು. ಎರಡು ನಿಮಿಷದಲ್ಲಿ ತಟ್ಟೆಗಳು ಖಾಲಿಯಾದವು. ಅದರ ಬಗ್ಗೆ ನನಗೆ ಹೆಚ್ಚು ಹೇಳುವ ಇಷ್ಟವಿಲ್ಲ.

ಕ್ಯಾಲೆಂಡರಿನ ಎಳೆಯನ್ನು ನಾನು ಮರೆತೇಬಿಟ್ಟಿದ್ದೆ. ಒಂದು ವಾರದ ನಂತರ ಕಂಡಾಗ ಅದು ತಂತಿಯ ಹಾಗೆ ಒಣಗಿತ್ತು. ಯಾರೂ ನೋಡದ ಹೊತ್ತಿನಲ್ಲಿ ಕಿತ್ತೆ. ಅದರ ಜೊತೆಗೆ ಕಾಗದದ ಮೇಲ್ಪದರವೂ ಎದ್ದು, ಮೂರು ತಾರೀಖುಗಳ ಮೇಲೆ ಒಂದು ನೀಟಾದ ಓರೆ ಗೆರೆ ಉಳಿಯಿತು.

ತಿಂಗಳ ಕೊನೆಗೆ ಹಾಲಿನಾಕೆ ಹಣಕ್ಕೆ ಬಂದಳು. ನನ್ನ ಹೆಂಡತಿ ಕ್ಯಾಲೆಂಡರ್ ನೋಡಿ ಮೂರು ದಿನದ ಹಾಲು ಕಳೆದು ಎಣಿಸಿಕೊಟ್ಟಳು. ಹಾಲಿನಾಕೆ ಒಪ್ಪಲಿಲ್ಲ. ಒಂದು ದಿನವೂ ತಪ್ಪಿಸಿಲ್ಲ ಎಂದು ಮಕ್ಕಳ ಮೇಲೆ ಆಣೆ ಇಟ್ಟಳು. ಗೆರೆ ಸುಳ್ಳು ಹೇಳುತ್ತದೆಯೇ ಎಂದು ಇವಳು. ಮಾತು ಬೆಳೆದು ಕ್ಯಾಲೆಂಡರ್ ಮೊಳೆಯಿಂದ ಕೆಳಗಿಳಿದು ಬಾಗಿಲಿಗೆ ಬಂತು. ಹಾಲಿನಾಕೆ ಅದನ್ನು ಬೆಳಕಿಗೆ ಹಿಡಿದಳು, ಗೆರೆಯ ತುದಿಯಲ್ಲಿ ಉಳಿದಿದ್ದ ಅರ್ಧ ಇಂಚನ್ನು ಉಗುರಿನಿಂದ ಕೆರೆದು ಅಂಗೈ ಮೇಲೆ ಇಟ್ಟುಕೊಂಡಳು.

"ಇದು ಗೆರೆಯಲ್ಲಮ್ಮ. ಶಾವಿಗೆ."

ನನ್ನ ಹೆಂಡತಿ ನಿಧಾನವಾಗಿ ನನ್ನ ಕಡೆ ತಿರುಗಿದಳು. ನಾನು ಪತ್ರಿಕೆ ಬಿಡಿಸಿ ಮುಖಕ್ಕೆ ಹಿಡಿದು, ಮಾರುಕಟ್ಟೆ ಧಾರಣೆಯನ್ನು ಒಂದಕ್ಷರವೂ ಬಿಡದೆ ಓದುತ್ತಿದ್ದೆ.