ಸ್ಪಷ್ಟನೆ: ‘ಇಂಟರ್‌ಸ್ಟೆಲ್ಲರ್’ನ ಆರ್ಗನ್ ಕಂಪ್ಯೂಟರ್ ಸದ್ದಲ್ಲ

ಹಾಲಿವುಡ್‌ನ ಇಬ್ಬರು ಸಿನಿಮಾ ಸಂಗೀತ ನಿರ್ದೇಶಕರ ಬಗ್ಗೆ ‘ಜಾನ್ ವಿಲಿಯಮ್ಸ್ ಬರೆದದ್ದು ನಿಜವಾದ ಆರ್ಕೆಸ್ಟ್ರಾ, ಹ್ಯಾನ್ಸ್ ಝಿಮ್ಮರ್‌ದೆಲ್ಲ ಬರೀ ಕಂಪ್ಯೂಟರ್’ ಅನ್ನೋ ಮೆಸೇಜು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಉದಾಹರಣೆಗೆ ಝಿಮ್ಮರ್ ಸಂಗೀತ ಕೊಟ್ಟ ‘ಇಂಟರ್‌ಸ್ಟೆಲ್ಲರ್’ ಚಿತ್ರದ ಆರ್ಗನ್ ವಾದ್ಯದ ಹೆಸರು ಹೇಳಿದ್ದಾರೆ. ಇದು ತಪ್ಪು.

2014ರ ಆ ಚಿತ್ರದ ಆರ್ಗನ್ ನುಡಿಸಿದವರು ರೋಜರ್ ಸೇಯರ್. ರೆಕಾರ್ಡ್ ಆಗಿದ್ದು ಲಂಡನ್ನಿನ ಟೆಂಪಲ್ ಚರ್ಚ್‌ನಲ್ಲಿ, ಅಲ್ಲಿನ ದೊಡ್ಡ ಪೈಪ್ ಆರ್ಗನ್ ಮೇಲೆ. ಕೊಳವೆಗಳಿಗೆ ಗಾಳಿ ನುಗ್ಗಿದಾಗಲೇ ಅದರ ದನಿ ಹೊರಡುವುದು. ಹೆಡ್‌ಫೋನ್ ಹಾಕಿ ಕೇಳಿ, ಸ್ವರ ನಿಂತ ಮೇಲೂ ಕಟ್ಟಡದೊಳಗೆ ಅದು ಸ್ವಲ್ಪ ಹೊತ್ತು ಉಳಿಯುತ್ತದೆ. ಜೊತೆಗೆ ಪಿಟೀಲು, ಪಿಯಾನೊ ನುಡಿಸಿದವರೂ ಮನುಷ್ಯರೇ.

ಝಿಮ್ಮರ್ ಮೊದಲು ಕಂಪ್ಯೂಟರಿನಲ್ಲಿ ಸಂಗೀತ ಕಟ್ಟುತ್ತಾರೆ, ಅದು ನಿಜ. ವಿಲಿಯಮ್ಸ್ ಪಿಯಾನೊ ಮುಂದೆ ಕೂತು ಪೆನ್ಸಿಲ್‌ನಲ್ಲಿ ಬರೆಯುತ್ತಾರೆ. 1977ರ ‘ಸ್ಟಾರ್ ವಾರ್ಸ್’ಗೆ ಲಂಡನ್ ಸಿಂಫನಿ ಆರ್ಕೆಸ್ಟ್ರಾ ನುಡಿಸಿತು. ಆದರೆ ಅದೇ ವರ್ಷ ಅವರೇ ಸಂಗೀತ ಕೊಟ್ಟ ‘ಕ್ಲೋಸ್ ಎನ್‌ಕೌಂಟರ್ಸ್’ ನೋಡಿ. ಅದರಲ್ಲಿ ಮನುಷ್ಯರು ಅನ್ಯಗ್ರಹದವರ ಆಕಾಶನೌಕೆಯ ಜೊತೆ ಐದು ಸ್ವರಗಳಲ್ಲಿ ನಡೆಸುವ ಸಂಭಾಷಣೆಯಲ್ಲಿ ಎಆರ್‌ಪಿ ಕಂಪನಿಯ ಸಿಂಥಸೈಜರ್ (ಎಲೆಕ್ಟ್ರಾನಿಕ್ ವಾದ್ಯ) ತೆರೆಯ ಮೇಲೇ ಕಾಣಿಸುತ್ತದೆ. ಆಕಾಶನೌಕೆಯ ಉತ್ತರ ಬರುವುದು ಟ್ಯೂಬಾ ಅನ್ನೋ ದೊಡ್ಡ ಹಿತ್ತಾಳೆ ಊದುವಾದ್ಯದಿಂದ! ಎಲೆಕ್ಟ್ರಾನಿಕ್ ಮುಟ್ಟದವರು ಅಂತ ವಿಲಿಯಮ್ಸ್‌ಗೂ ಹೇಳೋ ಹಾಗಿಲ್ಲ ಅಲ್ವಾ?

ಇಬ್ಬರಲ್ಲಿ ವ್ಯತ್ಯಾಸ ಖಂಡಿತ ಇದೆ. ವಿಲಿಯಮ್ಸ್ ರಾಗ ಗುನುಗುವ ಹಾಗಿರುತ್ತದೆ, ಝಿಮ್ಮರ್ ಸದ್ದಿನ ಪದರ ಪೇರಿಸುತ್ತಾ ಹೋಗುತ್ತಾರೆ. ನನಗೆ ಎರಡೂ ಬೇಕು. ಯಾರು ಜಾಸ್ತಿ ಇಷ್ಟ ಅನ್ನೋದು ನಿಮಗೆ ಬಿಟ್ಟದ್ದು. ಆದರೆ ನುಡಿಸಿದವರ ಶ್ರಮವನ್ನು ಅಳಿಸಿಹಾಕುವ ಆ ಮೆಸೇಜನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.