ದುಡ್ಡು ಹಾಕಿದ್ದೀರಾ ಎಂಬುದು ಮೊದಲ ಪ್ರಶ್ನೆಯಾಗಬಾರದು

ಹೆದರಿಸಿ ದುಡ್ಡು ಕೇಳಿದವನು, ಕೇಳಿದ ಗಳಿಗೆಯಲ್ಲೇ ಅಪರಾಧಿ. ನಾನಿರುವ ಇಂಗ್ಲೆಂಡಿನ ಕಾನೂನು ಇದನ್ನು ಬಲು ನೇರವಾಗಿ ಹೇಳುತ್ತದೆ. ಇಲ್ಲಿನ 1968ರ ಕಳ್ಳತನ ಕಾಯ್ದೆಯ 21ನೇ ಸೆಕ್ಷನ್ ಬ್ಲ್ಯಾಕ್‌ಮೇಲ್‌ಗೆ 14 ವರ್ಷದವರೆಗೆ ಜೈಲು ಇಟ್ಟಿದೆ. ದುಡ್ಡು ಕೈಸೇರಿತೋ ಇಲ್ಲವೋ ಎಂಬುದು ಅಪರಾಧ ಸಾಬೀತಾಗಲು ಬೇಕೇ ಇಲ್ಲ. ಜರ್ಮನಿಯಲ್ಲಿದ್ದ ಮಹಿಳೆಯೊಬ್ಬರಿಗೆ ಇಲ್ಲಿಂದ ಬೆದರಿಕೆ ಪತ್ರ ಹೋದ ಪ್ರಕರಣವೊಂದು ಐವತ್ತು ವರ್ಷಗಳ ಹಿಂದೆಯೇ ಇಲ್ಲಿನ ಅತ್ಯುನ್ನತ ನ್ಯಾಯಪೀಠದವರೆಗೆ ಹೋಗಿತ್ತು. ಪತ್ರವನ್ನು ಅಂಚೆ ಡಬ್ಬಿಗೆ ಹಾಕಿದಾಗಲೇ ಬೇಡಿಕೆ ಇಟ್ಟಂತಾಯಿತು ಎಂದು ತೀರ್ಪಾಯಿತು.

ಈಗ ನಮ್ಮೂರಿನ ಕಡೆ ನೋಡಿ. ನನ್ನ ಚಿಕ್ಕಪ್ಪನ ಮಗ ಒಂದು ಆ್ಯಪ್‌ನಲ್ಲಿ ಸಾಲ ತೆಗೆದುಕೊಂಡು ಪೂರ್ತಿ ತೀರಿಸಿದ್ದ. ಆದರೂ ವಾಟ್ಸಾಪ್‌ನಲ್ಲಿ ಹೆಂಡತಿಯ ಮುಖ ಅಂಟಿಸಿದ ಕೆಟ್ಟ ಫೋಟೊ ಬಂತು. ಅದರ ಕೆಳಗೆ, "ಸಂಜೆ ಆರರೊಳಗೆ ನಲವತ್ತು ಸಾವಿರ ಹಾಕು, ಇಲ್ಲಾಂದ್ರೆ ನಿನ್ನ ಫೋನಲ್ಲಿರೋ ಎಲ್ಲರಿಗೂ ಇದು ಹೋಗುತ್ತೆ." ಠಾಣೆಗೆ ಹೋದ. "ದುಡ್ಡು ಹಾಕಿದ್ದೀರಾ?" ಎಂದರು. ಇಲ್ಲ ಸಾರ್ ಎಂದ. "ಮತ್ತೆ ಏನೂ ಆಗಿಲ್ವಲ್ಲ, ನಂಬರ್ ಬ್ಲಾಕ್ ಮಾಡಿ" ಎಂದು ಹೇಳಿ, ಎನ್‌ಸಿ, ಅಂದರೆ ಪೊಲೀಸರು ತಾವಾಗಿಯೇ ತನಿಖೆ ಮಾಡುವಂತಿಲ್ಲದ ಪ್ರಕರಣ ಎಂದು ಬರೆದು, ಒಂದು ಹಿಂಬರಹ ಕೈಗಿತ್ತು ಕಳಿಸಿದರು. "ಅಣ್ಣಾ, ದುಡ್ಡು ಹಾಕಿ ಹೋಗಬೇಕಿತ್ತೇನೋ" ಎಂದು ಅವನು ಫೋನಿನಲ್ಲಿ ಹೇಳಿದಾಗ ನನಗೆ ಮಾತೇ ಹೊರಡಲಿಲ್ಲ.

ಕಾನೂನೇ ಇಲ್ಲದಿದ್ದರೆ ಬೇರೆ ಮಾತು. ಆದರೆ ಇದೆ, 1860ರಿಂದಲೂ ಇದೆ. ಹಳೆಯ ಭಾರತೀಯ ದಂಡ ಸಂಹಿತೆ (ಐಪಿಸಿ) ಸುಲಿಗೆಯನ್ನು ವಿವರಿಸುವಾಗ ಕೊಟ್ಟ ಮೊದಲ ಉದಾಹರಣೆಯೇ, ದುಡ್ಡು ಕೊಡದಿದ್ದರೆ ನಿನ್ನ ಮಾನ ಕಳೆಯುವಂಥದ್ದನ್ನು ಪ್ರಕಟಿಸುತ್ತೇನೆ ಎಂದು ಹೆದರಿಸಿ ಹಣ ಪಡೆಯುವವನದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 308ನೇ ಸೆಕ್ಷನ್ ಸುಲಿಗೆಯ ಶಿಕ್ಷೆಯನ್ನು ಮೂರು ವರ್ಷದಿಂದ ಏಳು ವರ್ಷಕ್ಕೆ ಏರಿಸಿದೆ. ದುಡ್ಡು ಕೈಬದಲಾಗಿದ್ದರೆ ಮಾತ್ರ ಅದು ಪೂರ್ತಿ ಸುಲಿಗೆ, ನಿಜ. ಆದರೆ ಅದೇ ಸೆಕ್ಷನ್‌ನ ಮೂರನೇ ಉಪವಿಧಿ, ಸುಲಿಗೆ ಮಾಡಲೆಂದು ಹೆದರಿಸಿದವನನ್ನೂ, ಹೆದರಿಸಲು ಯತ್ನಿಸಿದವನನ್ನೂ ಬಿಟ್ಟಿಲ್ಲ. ಎರಡು ವರ್ಷದವರೆಗೆ ಜೈಲು. ಅದು ಸಂಜ್ಞೇಯ ಅಪರಾಧ, ಅಂದರೆ ಪೊಲೀಸರು ಕೋರ್ಟಿನ ಅನುಮತಿಗೆ ಕಾಯದೆ ಎಫ್‌ಐಆರ್ ಹಾಕಬೇಕು.

ಠಾಣೆಗಳಲ್ಲಿ ಕೈ ಹೋಗುವುದು ಮಾತ್ರ ಅದೇ ನ್ಯಾಯ ಸಂಹಿತೆಯ 351ಕ್ಕೆ, ಬರಿಯ ಬೆದರಿಕೆಯ ಸೆಕ್ಷನ್‌ಗೆ. ಅದು ಅಸಂಜ್ಞೇಯ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆಯೇ ಇಲ್ಲ. ಬೆದರಿಕೆಯ ಜೊತೆ ದುಡ್ಡಿನ ಬೇಡಿಕೆ ಇದ್ದಾಗಲೂ ಅದನ್ನು ಬರಿಯ ಬೆದರಿಕೆ ಎಂದು ಬರೆದುಕೊಳ್ಳುವುದು ಅನ್ಯಾಯ. ಒಂದು ಅಪರಾಧ ಸಂಜ್ಞೇಯವಾಗಿದ್ದರೂ ಸಾಕು, ಇಡೀ ಪ್ರಕರಣವೇ ಸಂಜ್ಞೇಯ ಎನ್ನುತ್ತದೆ ಪೊಲೀಸರ ತನಿಖೆಯ ಕ್ರಮವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಆದ್ದರಿಂದ ಊರಲ್ಲಿ ಯಾರಿಗಾದರೂ ಇಂಥದ್ದು ಬಂದರೆ ದೂರಿನಲ್ಲಿ 308(3) ಎಂದು ನೀವೇ ಬರೆಯಿರಿ, ಎಷ್ಟು ಕೇಳಿದರು, ಎಷ್ಟು ಗಂಟೆಯೊಳಗೆ ಎಂದರು ಎಂಬುದನ್ನು ಹಾಗೇ ಸೇರಿಸಿ. ಮೆಸೇಜು ಅಳಿಸಬೇಡಿ. ದುಡ್ಡು ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಇಂಗ್ಲೆಂಡಿನ ಪೊಲೀಸರನ್ನು ನಾನು ಹೊಗಳಲು ಹೊರಟಿಲ್ಲ. ಬೇರೆ ದೇಶದಲ್ಲಿ ಕೂತು ಬೆದರಿಸುವವರು ಇವರ ಕೈಗೂ ಸುಲಭಕ್ಕೆ ಸಿಗುವುದಿಲ್ಲ. ಇನ್ನು ಹೆಸರು ಮರೆಸಿಕೊಂಡು ಬೆದರಿಸಿದವನಿಗೆ ಎರಡು ವರ್ಷ ಹೆಚ್ಚುವರಿ ಶಿಕ್ಷೆ ಇಟ್ಟ ನಮ್ಮ ಕಾನೂನಿನ ಬಗ್ಗೆ ನನಗೆ ಮೆಚ್ಚುಗೆಯಿದೆ. ಮೈಕ್ರೋಫೈನಾನ್ಸ್‌ನವರ ಕಿರುಕುಳಕ್ಕೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟಾಗ ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದು ಹತ್ತು ವರ್ಷದವರೆಗೆ ಶಿಕ್ಷೆ ಗೊತ್ತುಮಾಡಿತು. ಮನಸ್ಸು ಮಾಡಿದರೆ ನಮ್ಮವರಿಂದ ಆಗುತ್ತದೆ.

ಇಲ್ಲಿಂದ ಒಂದನ್ನು ಮಾತ್ರ ಊರಿಗೆ ತರಬೇಕು ಎನಿಸುತ್ತದೆ. ಗುಟ್ಟು ಬಯಲು ಮಾಡುತ್ತೇನೆಂದು ಹೆದರಿಸಿದ ಕೇಸುಗಳಲ್ಲಿ ದೂರು ಕೊಟ್ಟವರ ಹೆಸರು ಪತ್ರಿಕೆಗಳಲ್ಲಿ ಬಾರದಂತೆ ಇಲ್ಲಿನ ನ್ಯಾಯಾಲಯಗಳು ಸಾಮಾನ್ಯವಾಗಿ ಆದೇಶ ಹೊರಡಿಸುತ್ತವೆ. ನಮ್ಮಲ್ಲಿ ಆ ರಕ್ಷಣೆ ಇರುವುದು ಮುಖ್ಯವಾಗಿ ಲೈಂಗಿಕ ಅಪರಾಧಗಳ ಸಂತ್ರಸ್ತರಿಗೆ. ಮಾನಕ್ಕೆ ಅಂಜಿ ದುಡ್ಡು ಕೊಡುವವನು ಅದೇ ಮಾನಕ್ಕೆ ಅಂಜಿ ಠಾಣೆಯ ಮೆಟ್ಟಿಲು ಹತ್ತುವುದಿಲ್ಲ. ಬೆದರಿಸುವವನಿಗೆ ಇದು ಚೆನ್ನಾಗಿ ಗೊತ್ತು. ಹೆಸರು ಗುಟ್ಟಾಗಿಡುವ ಆ ಭರವಸೆ ಸುಲಿಗೆಯ ದೂರು ಕೊಡುವ ಎಲ್ಲರಿಗೂ ಸಿಗಬೇಕು. ಅದಕ್ಕೆ ಕಾನೂನು ತಿದ್ದುವವರೆಗೆ, ಕನಿಷ್ಠ ಎಫ್‌ಐಆರ್‌ನಲ್ಲಿರುವ ಹೆಸರು, ಊರು, ಓಣಿಯನ್ನು ಠಾಣೆಯವರು ವರದಿಗಾರರಿಗೆ ಹೇಳುವುದನ್ನಾದರೂ ನಿಲ್ಲಿಸಲಿ.