ಕೇಳಿದ್ದಕ್ಕೆ ಉತ್ತರ ಕೊಡಿ ಸ್ವಾಮಿ

ರಾತ್ರಿ ಊಟದ ಹೊತ್ತಿಗೆ ಟಿವಿ ಹಾಕಿದರೆ ರಾಜಕಾರಣಿಗಳದ್ದು ಅದೇ ರಗಳೆ. ರಸ್ತೆ ಗುಂಡಿ ಯಾಕೆ ಮುಚ್ಚಿಲ್ಲ ಅಂತ ಕೇಳಿದರೆ, 'ನಿಮ್ಮ ಕಾಲದಲ್ಲಿ ಗುಂಡಿ ಇರಲಿಲ್ವಾ?' ಅನ್ನುತ್ತಾರೆ. ಇತ್ತು ಸ್ವಾಮಿ, ಅದರಲ್ಲೇ ಬಿದ್ದು ನನ್ನ ಸ್ಕೂಟರಿನ ಹ್ಯಾಂಡಲ್ ಸೊಟ್ಟಗಾಗಿದ್ದು. ಅದು ಉತ್ತರ ಹೇಗಾಗುತ್ತದೆ?

ಇನ್ನು ಹೆಸರಿಡುವ ಆಟ ಬೇರೆ. ರೈತರ ಖಾತೆಗೆ ವರ್ಷಕ್ಕೆ 6000 ರೂಪಾಯಿ ಹಾಕಿದರೆ ಅದು 'ಸಮ್ಮಾನ್'. ಮನೆಯೊಡತಿಗೆ ತಿಂಗಳಿಗೆ 2000 ಹಾಕಿದರೆ ಒಬ್ಬರ ಬಾಯಲ್ಲಿ 'ಗ್ಯಾರಂಟಿ', ಇನ್ನೊಬ್ಬರ ಬಾಯಲ್ಲಿ 'ಬಿಟ್ಟಿ ಭಾಗ್ಯ'. ಕಂಪನಿಗೆ ತೆರಿಗೆ ಬಿಟ್ಟರೆ 'ಪ್ರೋತ್ಸಾಹ'. ಎಲ್ಲಾ ನಮ್ಮ ದುಡ್ಡೇ ಅಲ್ವಾ? ಯಾರಿಗೆ ಎಷ್ಟು ಉಪಯೋಗ ಆಯಿತು ಅಂತ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ.

ಸಿಕ್ಕಿಬಿದ್ದರೆ 'ನನ್ನ ಮಾತು ತಿರುಚಿದ್ದಾರೆ'. ಪಕ್ಕದಲ್ಲೇ ಅವರ ವಿಡಿಯೊ ಓಡುತ್ತಿರುತ್ತದೆ!